ಐದಕ್ಕೆ ಒಂದೂವರೆ

ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಕಲಿಸಿದೆನೋ ಇಲ್ಲವೋ, ಅಂಕವನ್ನಂತೂ ಹಾಕಿದೆ. ಕಿರುಪರೀಕ್ಷೆ, ಅರ್ಧವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆ, ಬೇಸಿಗೆಯ ಮೌಲ್ಯಮಾಪನ ಶಿಬಿರ ಎಂದು ನನ್ನ ಕೆಂಪು ಪೆನ್ನಿನ ಕೆಳಗೆ ಹಾದುಹೋದ ಉತ್ತರಪತ್ರಿಕೆಗಳನ್ನೆಲ್ಲ ಪೇರಿಸಿದರೆ ನಮ್ಮ ಮನೆಯ ಅಟ್ಟ ಮುಟ್ಟೀತು. 2018ರಲ್ಲಿ ನಿವೃತ್ತಳಾದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಸಾವಿರಾರು ಮಕ್ಕಳ ಬಾಳು ಬೆಳಗಿದವರು’ ಎಂದೆಲ್ಲ ಹೊಗಳುತ್ತಿದ್ದರೆ ನನಗೆ ಮಾತ್ರ ಒಂದೇ ಒಂದು ಉತ್ತರಪತ್ರಿಕೆ ನೆನಪಾಗುತ್ತಿತ್ತು. ಅದರಲ್ಲಿದ್ದ ಒಂದು ಪತ್ರಕ್ಕೆ ನಾನು ಹಾಕಿದ್ದು ಐದಕ್ಕೆ ಒಂದೂವರೆ.

ಅದು 1994ರ ಜನವರಿ. ಸಾಗರದಿಂದ ಹೆಚ್ಚು ದೂರವಿಲ್ಲದ ಕನ್ನಡ ಮಾಧ್ಯಮದ ಶಾಲೆ ನಮ್ಮದು. ನಮ್ಮ ಮಕ್ಕಳೆಲ್ಲ ಐದನೇ ತರಗತಿಯಲ್ಲಿ ಎಬಿಸಿಡಿ ಕಂಡವರು. ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ, ಬಹಳ ತಡವಾಗಿ. ಐದರಲ್ಲಿ ಅಕ್ಷರ ಕಲಿತ ಮಗು ಹತ್ತರಲ್ಲಿ ಪದ್ಯ ಬಾಯಿಪಾಠ ಒಪ್ಪಿಸಬೇಕು, ಪ್ರಬಂಧ ಬರೆಯಬೇಕು, ಪತ್ರ ಬರೆಯಬೇಕು. ನೂರಕ್ಕೆ 35 ಬಂದರೆ ಪಾಸು, 34 ಬಂದರೆ ಫೇಲು. ‘ಎಲ್ಲದ್ರಲ್ಲೂ ಪಾಸು, ಇಂಗ್ಲಿಷಲ್ಲಿ ಹೋಯ್ತು’ ಎಂಬ ಮಾತು ಆಗ ನಮ್ಮ ಕಡೆಯ ಮನೆಮನೆಯಲ್ಲೂ ಕೇಳಿಬರುತ್ತಿತ್ತು. ಗಂಡು ಹುಡುಗ ಫೇಲಾದರೆ ಮತ್ತೆ ಪರೀಕ್ಷೆಗೆ ಕಟ್ಟುತ್ತಿದ್ದ. ಹುಡುಗಿ ಫೇಲಾದರೆ ಅವಳ ಜಾತಕ ಪೆಟ್ಟಿಗೆಯಿಂದ ಹೊರಬರುತ್ತಿತ್ತು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಶಾಲಾ ಪ್ರವಾಸದ ಬಗ್ಗೆ ಗೆಳತಿಗೆ ಪತ್ರ ಬರೆಯಿರಿ ಎಂಬ ಪ್ರಶ್ನೆ. ಐದು ಅಂಕ. ಮಕ್ಕಳ ಕೈಯಲ್ಲಿದ್ದ ಗೈಡಿನಲ್ಲಿ ಮೈಸೂರು ಪ್ರವಾಸದ ಪತ್ರವೊಂದಿತ್ತು. ನಾನೇ ಬೋರ್ಡಿನ ಮೇಲೆ ಎರಡು ಸಲ ಬರೆಸಿ ಬಾಯಿಪಾಠ ಮಾಡಿಸಿದ್ದೆ. ಹಾಗಾಗಿ ತರಗತಿಗೆ ತರಗತಿಯೇ ಮೈಸೂರಿಗೆ ಹೋಗಿ ಬಂದಿತ್ತು. ಎಲ್ಲರೂ ಅದೇ ಅರಮನೆ ನೋಡಿದ್ದರು, ಅದೇ ಬೆಟ್ಟ ಹತ್ತಿದ್ದರು, ಎಲ್ಲರಿಗೂ ಅದೇ ‘ಅನ್‌ಫರ್ಗೆಟಬಲ್ ಎಕ್ಸ್‌ಪೀರಿಯನ್ಸ್’ ಆಗಿತ್ತು. ಇಬ್ಬರಂತೂ ಕೊನೆಯಲ್ಲಿ ತಮ್ಮ ಹೆಸರು ಹಾಕುವುದನ್ನು ಮರೆತು ಗೈಡಿನಲ್ಲಿದ್ದ ಹುಡುಗನ ಹೆಸರನ್ನೇ ಬರೆದಿದ್ದರು. ನಾಲ್ಕು, ನಾಲ್ಕೂವರೆ, ನಾಲ್ಕು ಎಂದು ಹಾಕುತ್ತಾ ಬಂದೆ.

ಅವುಗಳ ನಡುವೆ ಬಂತು ಆ ಹುಡುಗಿಯ ಪತ್ರ. ಅವಳು ಶರಾವತಿ ಹಿನ್ನೀರಿನ ಆಚೆ ದಡದವಳು. ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು, ಲಾಂಚ್ ದಾಟಿ ಮನೆಗೆ ಹೋಗುವಳು. ಅವಳು ಬರೆದದ್ದು ಹೀಗಿತ್ತು: ‘ಐ ನಾಟ್ ಗೋ ಟೂರ್. ಫಾದರ್ ನೋ ಮನಿ. ಐ ಗೋ ಹೌಸ್ ಸ್ಯಾಟರ್ಡೇ. ಲಾಂಚ್ ಲೇಟ್. ಡಾರ್ಕ್ ಕಮ್. ಮದರ್ ಸ್ಟ್ಯಾಂಡಿಂಗ್ ವಾಟರ್ ಸೈಡ್ ಲ್ಯಾಂಪ್.’ ಅಷ್ಟೇ. ಊರು, ತಾರೀಖು ಇಲ್ಲ. ಕೊನೆಯಲ್ಲಿ ‘ಯುವರ್ಸ್ ಲವಿಂಗ್‌ಲಿ’ ಇಲ್ಲ. ಒಂದು ವಾಕ್ಯವೂ ವ್ಯಾಕರಣಕ್ಕೆ ಸರಿಯಿಲ್ಲ.

ಪತ್ರದ ನಮೂನೆಗೆ ಇಷ್ಟು, ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು ಎಂದು ಅಂಕ ಹಂಚುವ ಕ್ರಮವೊಂದಿರುತ್ತದೆ. ಆ ಪ್ರಕಾರ ನೋಡಿದರೆ ಅವಳಿಗೆ ಒಂದೂ ಸಿಗುವಂತಿರಲಿಲ್ಲ. ಏನೋ ಪಾಪ ಎನಿಸಿ ಒಂದೂವರೆ ಹಾಕಿ ಹಾಳೆ ತಿರುವಿದೆ. ಒಟ್ಟು ಕೂಡಿಸಿದರೆ ನೂರಕ್ಕೆ 27.

ಪತ್ರಿಕೆ ಕೊಟ್ಟ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಜಗಳಗಂಟಿಯಲ್ಲ, ತಲೆ ಎತ್ತಿ ಮಾತಾಡುವವಳೂ ಅಲ್ಲ. “ಟೀಚರ್, ಅವಳಿಗೆ ನಾಲ್ಕೂವರೆ ಹಾಕಿದೀರಿ. ಅವಳು ಮೈಸೂರಿಗೆ ಹೋಗೇ ಇಲ್ಲ. ನಾನು ಬರೆದದ್ದು ನಿಜ” ಎಂದಳು.

ನಾನು ನಕ್ಕುಬಿಟ್ಟೆ. “ಪರೀಕ್ಷೆಯಲ್ಲಿ ನಿಜ ಕೇಳೋದಿಲ್ಲ ಕಣೇ, ಇಂಗ್ಲಿಷ್ ಕೇಳ್ತಾರೆ” ಎಂದೆ. ಸುತ್ತಲಿದ್ದ ಮಕ್ಕಳೂ ನಕ್ಕರು. ಅವಳೂ ನಕ್ಕಳು. ಆ ನಗುವಿನಲ್ಲಿ ಏನಿತ್ತೆಂದು ನಾನು ನೋಡಲಿಲ್ಲ. ಮರುವಾರ ಅವಳ ತಾಯಿ ಬಂದರು. ಅಡಿಕೆ ಸುಲಿದು ಸುಲಿದು ಕಪ್ಪಾದ ಬೆರಳು. “ಅಕ್ಕೋರೇ, ಹ್ಯಾಂಗಾದ್ರೂ ಮಾಡಿ ಪಾಸು ಮಾಡಿಸಿ. ಇಲ್ದಿದ್ರೆ ಅವರಪ್ಪ ಈ ವರ್ಷವೇ ಮದುವೆ ಮಾಡ್ತಾರೆ” ಎಂದರು. ನಾನು ಹುಡುಗಿಯನ್ನು ದಿನಾ ಸಂಜೆ ಕೂರಿಸಿಕೊಂಡು ಮೈಸೂರಿನ ಪತ್ರ ಬಾಯಿಪಾಠ ಮಾಡಿಸಿದೆ. ಪದ್ಯ ಬಾಯಿಪಾಠ ಮಾಡಿಸಿದೆ. ಅರ್ಥವಾಗದಿದ್ದರೂ ಬರೆಯಬಹುದಾದದ್ದನ್ನೆಲ್ಲ ತುಂಬಿಸಿದೆ. ಫಲಿತಾಂಶ ಬಂದಾಗ ಇಂಗ್ಲಿಷಿನಲ್ಲಿ ಅವಳಿಗೆ 38. ನನಗೇ ಡಿಸ್ಟಿಂಕ್ಷನ್ ಬಂದಷ್ಟು ಸಂತೋಷ!

ಅಂಕ ಹಾಕಿಸಿಕೊಳ್ಳುವುದು ನಮಗೆ ಹೆಂಗಸರಿಗೆ ಹೊಸದೇನಲ್ಲ, ಅಲ್ಲವೇ? ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಲೇ ಬಣ್ಣಕ್ಕಿಷ್ಟು, ಎತ್ತರಕ್ಕಿಷ್ಟು, ಹಾಡಿಗಿಷ್ಟು ಎಂದು ಕಣ್ಣಲ್ಲೇ ಹಾಕುತ್ತಾರೆ. ಆಮೇಲೆ ಜೀವಮಾನವಿಡೀ ಸಾರಿಗೆ ಉಪ್ಪು ಕಡಿಮೆ, ಪಲ್ಯಕ್ಕೆ ಖಾರ ಹೆಚ್ಚು. ಕಡಿಮೆ ಬಿದ್ದದ್ದಕ್ಕಿಂತ ನಮಗೆ ನೋಯುವುದು, ಹಾಕುವವರು ನಮ್ಮತ್ತ ಸರಿಯಾಗಿ ನೋಡದೆಯೇ ಹಾಕಿದರಲ್ಲ ಎಂಬುದು. ಇಷ್ಟು ಗೊತ್ತಿದ್ದೂ ನಾನು ಆ ಪತ್ರವನ್ನು ಓದದೆಯೇ ಅಂಕ ಹಾಕಿದ್ದೆ. ಅಕ್ಷರ ನೋಡಿದೆ, ತಪ್ಪು ಎಣಿಸಿದೆ. ನೀರಿನ ದಡದಲ್ಲಿ ದೀಪ ಹಿಡಿದು ನಿಂತ ತಾಯಿಯನ್ನು ಕಾಣಲಿಲ್ಲ. ಆ ತಾಯಿಯೇ ಎದುರು ಬಂದು ನಿಂತಾಗಲೂ ನೆನಪಾಗಲಿಲ್ಲ.

ನಮ್ಮದು ಅಡಿಕೆಯ ಮನೆ. ಸುಗ್ಗಿಯಲ್ಲಿ ಅಂಗಳದ ತುಂಬ ಅಡಿಕೆ ಆರಿಸುತ್ತ ಕೂತ ಅತ್ತೆಯ ಕೈ ಯಂತ್ರದ ಹಾಗೆ ಓಡುತ್ತಿತ್ತು. ಹಸ, ಬೆಟ್ಟೆ, ರಾಶಿ, ಗೊರಬಲು, ಗೋಟು, ಒಂದೊಂದಕ್ಕೂ ಒಂದೊಂದು ಗುಪ್ಪೆ, ಮಂಡಿಯಲ್ಲಿ ಒಂದೊಂದಕ್ಕೂ ಬೇರೆ ದರ. ಮದುವೆಯಾದ ಹೊಸತರಲ್ಲಿ ನಾನು, “ಈ ಅಡಿಕೆ ಯಾಕಷ್ಟು ಕಡಿಮೆ ಜಾತಿಯದು?” ಎಂದು ಕೇಳಿದ್ದೆ. ಅತ್ತೆ ತಲೆಯೆತ್ತದೆ, “ಜಾತಿ ಎಲ್ಲ ಒಂದೇ, ಮರವೂ ಒಂದೇ. ಎಳತರಲ್ಲಿ ಕೊಯ್ದರೆ ಹಸ, ಬಲಿತ ಮೇಲೆ ಕೊಯ್ದರೆ ಗೊರಬಲು. ಕೊನೆ ಕೊಯ್ಯುವವ ತಡ ಮಾಡಿದರೆ ಅಡಿಕೆ ಏನು ಮಾಡೀತು?” ಎಂದಿದ್ದರು. ಆ ದಿನ ಅದು ಅಡಿಕೆಯ ಮಾತಾಗಿಯೇ ಕೇಳಿತ್ತು. ಹತ್ತು ವರ್ಷದ ತನಕ ಇಂಗ್ಲಿಷಿನ ಮುಖ ಕಾಣದ ಮಗುವಿಗೂ, ಶಿಶುವಿಹಾರದಿಂದಲೇ ಇಂಗ್ಲಿಷ್ ಕೇಳಿದ ಪೇಟೆಯ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಹಾಕಿದ ಅಂಕ ಯಾರದ್ದು? ಮಗುವಿನದ್ದೋ, ತಡ ಮಾಡಿದವರದ್ದೋ?

ಆ ಹುಡುಗಿ ಮತ್ತೆ ಸಿಕ್ಕಿದ್ದು 2012ರಲ್ಲಿ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ. ಜೊತೆಗೆ ಎಂಟು ವರ್ಷದ ಮಗಳು. ಟೈ ಕಟ್ಟಿದ, ಇಂಗ್ಲಿಷ್ ಮಾಧ್ಯಮದ ಮಗಳು. “ಟೀಚರ್, ನೀವು ಹಾಕಿಸಿಕೊಟ್ಟ ಮೂವತ್ತೆಂಟರಿಂದಲೇ ನಾನು ಅಂಗನವಾಡಿ ಟೀಚರಾದೆ” ಎಂದು ಬಗ್ಗಿ ಕಾಲು ಮುಟ್ಟಿದಳು. ಎಸ್ಸೆಸ್ಸೆಲ್ಸಿ ಪಾಸಾಗದಿದ್ದರೆ ಆ ಕೆಲಸ ಸಿಗುತ್ತಿರಲಿಲ್ಲ. ನಾನು ಹಿಗ್ಗಿದೆ. ಅಷ್ಟರಲ್ಲಿ ಅವಳು ನಗುತ್ತ, “ಈಗಲೂ ಆ ಮೈಸೂರಿನ ಪತ್ರ ಪೂರ್ತಿ ಬಾಯಿಗೆ ಬರ್ತದೆ ಟೀಚರ್. ಮೈಸೂರಿಗೆ ಮಾತ್ರ ಇನ್ನೂ ಹೋಗಿಲ್ಲ. ಇವಳ ಡೈರಿಯಲ್ಲಿ ಮಿಸ್ಸು ಇಂಗ್ಲಿಷಲ್ಲಿ ಏನೋ ಬರೆದು ಕಳಿಸ್ತಾರೆ, ನನಗೆ ಓದಲಿಕ್ಕೆ ಬರೋದಿಲ್ಲ. ಇವಳೇ ಓದಿ ಹೇಳ್ತಾಳೆ. ತನಗೆ ಬೇಕಾದ ಹಾಗೆ ಹೇಳ್ತಾಳೋ ಏನೋ!” ಎಂದಳು. ದೂರಲಿಲ್ಲ, ತಮಾಷೆಗೆಂಬಂತೆ ಹೇಳಿದಳು. ಬಸ್ಸು ಬಂತು, ಹತ್ತಿ ಹೋದಳು.

ಅಂದಿನಿಂದ ನಾನು ಈ ಲೆಕ್ಕ ಬಿಡಿಸುತ್ತಲೇ ಇದ್ದೇನೆ. 27 ನಿಜವಾದ ಅಂಕ. ಅದು ಉಳಿದಿದ್ದರೆ ಅವಳ ಬದುಕು ಬೇರೆಯಾಗುತ್ತಿತ್ತು. 38 ಸುಳ್ಳು ಅಂಕ; ಅದು ಅವಳಿಗೆ ಅನ್ನ ಕೊಟ್ಟಿತು. ಹಾಗಾದರೆ ಸುಳ್ಳೇ ಸರಿಯೆನ್ನೋಣವೇ? ಆದರೆ ಆ ಸುಳ್ಳೇ ಅವಳನ್ನು ತನ್ನ ಮಗಳ ಡೈರಿಯ ಎದುರು ಅನಕ್ಷರಸ್ಥಳನ್ನಾಗಿ ಕೂರಿಸಿತಲ್ಲ! ತನಗೆ ಗೊತ್ತಿದ್ದ ನಾಲ್ಕು ಮುರುಕು ಶಬ್ದ ಹಿಡಿದುಕೊಂಡು ತನ್ನದೇ ಮಾತನ್ನು ಹೇಳಹೊರಟ ಹುಡುಗಿ ಅವಳು. ಆ ಮುರುಕು ಶಬ್ದಗಳನ್ನು ದುರಸ್ತಿ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ನಾನು ಅವನ್ನು ಕಿತ್ತೆಸೆದು ಬೇರೆಯವರ ಪತ್ರವೊಂದನ್ನು ಅವಳ ಬಾಯಿಗೆ ತುರುಕಿದೆ. ಅವಳು ಇಂಗ್ಲಿಷ್ ಕಲಿಯುವುದನ್ನು ನಿಲ್ಲಿಸಿದ್ದು ಆ ಸಂಜೆಗಳಲ್ಲೇ ಇರಬೇಕು.

ಮುಂದೆ ಕಾಲ ಬದಲಾಯಿತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು. 2014-15ರಿಂದ ಎಸ್ಸೆಸ್ಸೆಲ್ಸಿಯ ಇಂಗ್ಲಿಷಿಗೆ ಲಿಖಿತ ಪರೀಕ್ಷೆಯಲ್ಲಿ 80, ವರ್ಷವಿಡೀ ಶಾಲೆಯೊಳಗೆ ನಡೆಯುವ ಮೌಲ್ಯಮಾಪನಕ್ಕೆ 20. ಮಗು ಮಾತಾಡುವುದನ್ನು ಕೇಳಿ, ಓದುವುದನ್ನು ಕೇಳಿ, ತಾನೇ ಮಾಡಿದ ಕೆಲಸ ನೋಡಿ ಟೀಚರೇ ಅಂಕ ಕೊಡಬಹುದು. ಲಾಂಚಿನ ಪತ್ರಕ್ಕೆ ಜಾಗ ಸಿಕ್ಕಿತು ಎಂದು ನಾನು ಖುಷಿಪಟ್ಟೆ. ಆದದ್ದೇನು? ಪಕ್ಕದ ಶಾಲೆಯಲ್ಲಿ ಎಲ್ಲರಿಗೂ ಹತ್ತೊಂಬತ್ತು ಹಾಕಿದ್ದಾರಂತೆ ಎಂಬ ಸುದ್ದಿ ಬಂತು. ನಮ್ಮ ಮಕ್ಕಳಿಗೆ ನಾವೇ ಯಾಕೆ ಕಡಿಮೆ ಮಾಡಬೇಕು ಎಂದು ನಾನೂ ಎಲ್ಲರಿಗೂ ಹತ್ತೊಂಬತ್ತು ಹಾಕಿದೆ. ವರ್ಷವಿಡೀ ಜಾನಪದ ಕತೆಗಳನ್ನು ಕೇಳಿಕೊಂಡು ಬಂದು ಇಂಗ್ಲಿಷಿಗೆ ತಿರುಗಿಸಿದ್ದ ಹುಡುಗನೊಬ್ಬ ಪಟ್ಟಿ ನೋಡಿ ಏನೂ ಮಾತಾಡಲಿಲ್ಲ. ಮುಂದಿನ ಕತೆಯನ್ನು ಅವನು ತರಲಿಲ್ಲ, ಅಷ್ಟೇ. ಎಲ್ಲರಿಗೂ ಒಂದೇ ಅಂಕ ಹಾಕುವುದೆಂದರೆ ಯಾರದ್ದನ್ನೂ ಓದಿಲ್ಲ ಎಂದು ಒಪ್ಪಿಕೊಂಡ ಹಾಗೆ.

2021ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ, ಎರಡೇ ದಿನದಲ್ಲಿ ಪರೀಕ್ಷೆ ಮುಗಿಯಿತು. ಪತ್ರವೂ ಇಲ್ಲ, ಪ್ರಬಂಧವೂ ಇಲ್ಲ, ಸರಿಯುತ್ತರದ ವೃತ್ತ ತುಂಬಿದರಾಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಎಲ್ಲರೂ ಮಕ್ಕಳನ್ನು ಬೈದರು, ಮೇಷ್ಟ್ರುಗಳನ್ನು ಬೈದರು. ನನಗೆ ಮಾತ್ರ ನಮ್ಮ ಹಳೆಯ ಮೈಸೂರು ಪ್ರವಾಸವೇ ನೆನಪಾಯಿತು. ಕಂಡು ಬರೆದರೆ ನಕಲು, ಬಾಯಿಪಾಠ ಮಾಡಿಸಿ ಬರೆಸಿದರೆ ಬೋಧನೆ! ಎರಡರ ನಡುವೆ ಎಷ್ಟು ದೂರವಿದೆ?

ಯೋಚಿಸಿ ಯೋಚಿಸಿ ನನಗೆ ತೋಚಿದ್ದು ಇಷ್ಟು. ಒಂದು ಅಂಕ ಇಬ್ಬರಿಗೆ ಉತ್ತರ ಹೇಳಬೇಕಾಗಿದೆ. ಹೊರಗಿನ ಲೋಕ ಕೇಳುವುದು, ‘ಇವಳನ್ನು ಒಳಗೆ ಬಿಡಬಹುದೇ?’ ಎಂದು. ಮಗು ಕೇಳುವುದು, ‘ನಾನು ಹೇಳಿದ್ದು ನಿಮಗೆ ಮುಟ್ಟಿತೇ? ಮುಂದೆ ಏನು ಮಾಡಲಿ?’ ಎಂದು. ಬಾಗಿಲು ತೆರೆಯಬೇಕೆಂಬ ಕನಿಕರಕ್ಕೆ ನಾವು ಅಂಕ ಏರಿಸುತ್ತೇವೆ. ಆ ಕನಿಕರ ತಪ್ಪಲ್ಲ. ಒಬ್ಬ ಹುಡುಗಿಯ ಬದುಕು ಎಂಟು ಅಂಕದ ಮೇಲೆ ನಿಂತಿದ್ದರೆ ತಪ್ಪಿರುವುದು ಆ ಎಂಟು ಅಂಕದ ಮೇಲೆ ಬದುಕನ್ನು ನಿಲ್ಲಿಸಿದವರದು. ಆದರೆ ಬಾಗಿಲು ತೆರೆದ ಗಡಿಬಿಡಿಯಲ್ಲಿ ಮಗುವಿನ ಪ್ರಶ್ನೆಗೆ ಉತ್ತರ ಕೊಡುವುದನ್ನೇ ನಾವು ಮರೆತುಬಿಟ್ಟರೆ, ಆ ತಪ್ಪು ನಮ್ಮದೇ.

ಕೊನೆಯ ಕೆಲವು ವರ್ಷ ನಾನೊಂದು ಅಭ್ಯಾಸ ಮಾಡಿಕೊಂಡೆ. ಪಟ್ಟಿಯಲ್ಲಿ ಅಂಕ ಏನೇ ಇರಲಿ, ಪ್ರತಿ ಉತ್ತರಪತ್ರಿಕೆಯ ಕೆಳಗೆ ಒಂದು ಸಾಲು ಬರೆಯುತ್ತಿದ್ದೆ. ‘ನಿನ್ನ ಅಜ್ಜಿಯ ಮಾತು ಚೆನ್ನಾಗಿ ಬಂದಿದೆ, ಭೂತಕಾಲ ಮಾತ್ರ ಸರಿಮಾಡಿಕೋ’ ಎಂಬಂಥ ಸಾಲು. ಕೆಲವು ಮಕ್ಕಳು ಅಂಕ ನೋಡಿ ಪತ್ರಿಕೆ ಮಡಿಚಿಡುತ್ತಿದ್ದರು. ಕೆಲವರು ಆ ಸಾಲನ್ನು ಬೆರಳಿಟ್ಟು ಓದುತ್ತಿದ್ದರು. ಅರುವತ್ತು ಪತ್ರಿಕೆಗೆ ಅರುವತ್ತು ಸಾಲು ಬರೆಯುವಷ್ಟರಲ್ಲಿ ರಾತ್ರಿ ಹನ್ನೊಂದಾಗಿ, ಎಷ್ಟೋ ದಿನ ಬೇಸತ್ತು ಬಿಟ್ಟದ್ದೂ ಉಂಟು.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಮೊನ್ನೆ ಸಿಗಂದೂರಿಗೆ ಹೋಗುವಾಗ ಆ ಸೇತುವೆಯ ಮೇಲೆ ಕಾರು ಕೆಲವೇ ನಿಮಿಷದಲ್ಲಿ ಹಿನ್ನೀರು ದಾಟಿಬಿಟ್ಟಿತು. ಈಗ ಯಾವ ಹುಡುಗಿಯೂ ಅಲ್ಲಿ ಲಾಂಚಿಗೆ ಕಾದು ಕತ್ತಲು ಮಾಡಿಕೊಳ್ಳಬೇಕಾಗಿಲ್ಲ. ಕಿಟಕಿಯಿಂದ ನೀರಿನ ದಡ ನೋಡುತ್ತ ಮತ್ತೆ ಅದೇ ಲೆಕ್ಕಕ್ಕೆ ಬಂದೆ: ಇವತ್ತು ಆ ಪತ್ರ ನನ್ನ ಕೈಗೆ ಬಂದರೆ ಎಷ್ಟು ಹಾಕುತ್ತೇನೆ? ಐದಕ್ಕೆ ಐದು ಹಾಕಲಾರೆ. ಅದು ಸರಿಯಾದ ಇಂಗ್ಲಿಷ್ ಅಲ್ಲ. ಸರಿ ಎಂದರೆ ಅವಳಿಗೆ ಇನ್ನೊಂದು ಸುಳ್ಳು ಹೇಳಿದ ಹಾಗೆ. ಎರಡೋ ಎರಡೂವರೆಯೋ ಹಾಕಿಯೇನು. ಆದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇನೆ, “ಆಮೇಲೆ ಏನಾಯ್ತೇ? ಅಮ್ಮ ಎಷ್ಟು ಹೊತ್ತಿನಿಂದ ನಿಂತಿದ್ದರು? ಹೇಳು, ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯೋದು ಅಂತ ಇಬ್ಬರೂ ಸೇರಿ ನೋಡೋಣ.”