ಅಂಕಿತ ಮತ್ತು ಅಂತಃಸಾಕ್ಷಿ

ಮನಸ್ಸು ಒಪ್ಪದ ಕಾಗದಕ್ಕೆ ಸಹಿ ಹಾಕಬೇಕಾದವರ ಧರ್ಮ ಯಾವುದು? ತಾಲ್ಲೂಕು ಕಚೇರಿಯ ಕಡತಗಳ ನಡುವೆ ಆಯುಷ್ಯ ಕಳೆದ ನನ್ನನ್ನು ಈ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ಕೆಲವು ಹುದ್ದೆಗಳಲ್ಲಿದ್ದ ಸಂಸದರನ್ನು ಅನರ್ಹತೆಯಿಂದ ಉಳಿಸಲು 2006ರಲ್ಲಿ ಸಂಸತ್ತು ಅಂಗೀಕರಿಸಿದ ಲಾಭದಾಯಕ ಹುದ್ದೆ ಮಸೂದೆಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಮರುಪರಿಶೀಲನೆಗೆ ಹಿಂದಿರುಗಿಸಿದರು. ಉಭಯ ಸದನಗಳೂ ಅದನ್ನೇ ಬದಲಿಸದೆ ಮತ್ತೆ ಅಂಗೀಕರಿಸಿದವು. ಸಂವಿಧಾನದ 111ನೇ ವಿಧಿಯಂತೆ ಅವರು ಅಂಕಿತ ಹಾಕಿದರು. ಇದನ್ನು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತನ್ನ ಸಂಶಯವನ್ನು ಮುಚ್ಚಿಡದೆ ತಿಳಿಸಿ, ಬಳಿಕ ಜನ ಆರಿಸಿದವರ ಮಾತಿಗೆ ತಲೆಬಾಗುವುದು ಅಹಂಕಾರ ಇಳಿಸಿಟ್ಟವರಿಗಷ್ಟೇ ಸಾಧ್ಯ.

ಆದರೆ ಅವರಿಗಿಂತ ಹಿಂದೆ ರಾಷ್ಟ್ರಪತಿಯಾಗಿದ್ದ ಜೈಲ್ ಸಿಂಗ್ ನೆನಪಾದಾಗ ನನ್ನ ನಂಬಿಕೆ ಅಲುಗುತ್ತದೆ. ಜನರ ಪತ್ರಗಳನ್ನು ತಡೆದು ನೋಡಲು ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಡುವ 1986ರ ಅಂಚೆ ತಿದ್ದುಪಡಿ ಮಸೂದೆಗೆ ಅವರು ಸಹಿಯನ್ನೂ ಹಾಕಲಿಲ್ಲ, ವಾಪಸೂ ಕಳುಹಿಸಲಿಲ್ಲ. 111ನೇ ವಿಧಿ ಅಂಕಿತಕ್ಕೆ ಗಡುವು ಹೇಳುವುದಿಲ್ಲ. ಮಸೂದೆ ಕೊನೆಗೂ ಕಾನೂನಾಗಲಿಲ್ಲ; ಮನೆಯಿಂದ ಮನೆಗೆ ಹೋಗುವ ಕಾಗದಗಳು ಅದರಿಂದ ಪಾರಾದವು. ನನಗದು ದೊಡ್ಡ ಸಮಾಧಾನ. ಹಿಂದಿರುಗಿಸಿದ್ದರೆ ಮತ್ತೆ ಅಂಗೀಕಾರವಾಗಿ ಬರಬಹುದಿತ್ತು, ಆಗ ಸಹಿ ತಪ್ಪುತ್ತಿರಲಿಲ್ಲ. ಆದರೂ ಸದನಗಳಿಗೆ ಕಾರಣ ಬರೆದು ಕಳುಹಿಸದ ಮೌನ, ಉತ್ತರಿಸುವ ಅವಕಾಶವನ್ನೇ ಅವುಗಳಿಂದ ಕಿತ್ತುಕೊಂಡಿತು. ಎರಡರಲ್ಲಿ ಒಂದನ್ನು ಆರಿಸು ಎಂದರೆ, ನೋವಿನಿಂದಲೇ, ನಾನು ಕಲಾಂ ಅವರ ದಾರಿಯನ್ನು ಆರಿಸುತ್ತೇನೆ.