ಇಂದಿನ ಧಮ್ಮ ಚಿಂತನೆ: ಆನಂದನ ಚೀವರ, ಅವ್ವನ ಕೌದಿ





ಹೋದ ಭಾನುವಾರ ನಮ್ಮ ಮನೆಯ ಅಟ್ಟದ ಸಾಮಾನು ಇಳಿಸಿದೆವು. ಕೆಟ್ಟ ಮಿಕ್ಸರ್, ಕಾಲು ಮುರಿದ ಎರಡು ಕುರ್ಚಿ, ತೂತು ಕೊಡ, ಖಾಲಿ ಎಣ್ಣೆ ಡಬ್ಬಿಗಳು, ಮಗಳ ಒಂದನೇ ಕ್ಲಾಸಿನ ಚೀಲ. ನಾನು ಒಂದೊಂದನ್ನು ಹೊರಗಿಟ್ಟರೆ ಅವ್ವ ಒಂದೊಂದನ್ನು ಒಳಗೆ ತರುತ್ತಿದ್ದಳು. "ಇರ್ಲಿ ಬಿಡಪ್ಪ, ಒಂದಿಲ್ಲೊಂದು ದಿನ ಬರ್ತದ." ತೃಷ್ಣೆಯೇ ದುಃಖಕ್ಕೆ ಮೂಲ ಎಂದು ಪಾಠ ಶುರುಮಾಡುವವನಿದ್ದೆ (ಮೇಷ್ಟ್ರ ಚಟ). ನಾಲಿಗೆ ಕಚ್ಚಿಕೊಂಡೆ.

ನಮ್ಮ ಹಿರಿಯರು ಕೂಡಿಟ್ಟದ್ದು ಆಸೆಬುರುಕತನದಿಂದಲ್ಲ. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ವಿಧಿಸಿದ್ದು ಹೆಣದ ಮೇಲಿನ ಬಟ್ಟೆ, ಒಡೆದ ಪಾತ್ರೆಯ ಊಟ, ಕಬ್ಬಿಣದ ಒಡವೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟದ್ದು ಅದೇ ಪುಸ್ತಕವನ್ನು. ಕಂಡವರ ಹಳೆಸೀರೆ ಉಟ್ಟು ಬೆಳೆದವಳಿಗೆ ತೂತು ಕೊಡವೂ ಆಸ್ತಿಯೇ. ಧರ್ಮವು ಬಡತನಕ್ಕೆ ಪಾವಿತ್ರ್ಯ ಕೊಡಬಾರದು ಎಂದು ಬಾಬಾಸಾಹೇಬರು 1950ರಲ್ಲಿ ಬರೆದರು. ಆದ್ದರಿಂದ ಕಡಿಮೆ ಸಾಮಾನಿದ್ದರೆ ಹೆಚ್ಚು ಸುಖ ಎಂಬ ಈಗಿನ ಟಿವಿ ಉಪದೇಶ ನಮ್ಮ ಕೇರಿಗೆ ಹಾಗೇ ಹೊಂದುವುದಿಲ್ಲ.

ಹೊಂದುವುದು ಆನಂದನ ಪ್ರಸಂಗ. ವಿನಯ ಪಿಟಕದ ಚುಲ್ಲವಗ್ಗದಲ್ಲಿದೆ. ಕೋಸಂಬಿಯಲ್ಲಿ ಉದೇನ ರಾಜನ ರಾಣಿವಾಸದವರು ಆನಂದನಿಗೆ ಐನೂರು ಚೀವರ ಕೊಟ್ಟರು. ಭಿಕ್ಷು ಬಟ್ಟೆ ವ್ಯಾಪಾರ ಮಾಡುತ್ತಾನೇನು ಎಂದು ರಾಜನಿಗೆ ಸಂಶಯ. ಬಂದು ಕೇಳಿದ. ಚೀವರ ಹರಿದಿರುವ ಭಿಕ್ಷುಗಳಿಗೆ ಹಂಚುತ್ತೇನೆ ಎಂದ ಆನಂದ. ಹರಿದವನ್ನು? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಹೊದಿಕೆ? ಹಾಸಿಗೆಯ ಗವಸಣಿಗೆ. ಹಳೆಯ ಗವಸಣಿಗೆ ನೆಲದ ಹಾಸಾಯಿತು, ಹಾಸು ಕಾಲೊರಸು, ಕಾಲೊರಸು ಧೂಳು ಹೊಡೆಯುವ ಬಟ್ಟೆ. ಅದೂ ಚಿಂದಿಯಾದರೆ ಕುಟ್ಟಿ, ಮಣ್ಣಿಗೆ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ ಐನೂರು ಕೊಟ್ಟ.

ಗಮನಿಸಿ: ಹೊಸದು ಇನ್ನೊಬ್ಬರಿಗೆ ಹೋಯಿತು, ಚಿಂದಿ ತಮ್ಮಲ್ಲೇ ಉಳಿಯಿತು. ನಾವು ತಿರುವುಮುರುವು ಮಾಡುತ್ತೇವೆ. ಗುಂಡಿ ಕಿತ್ತ ಅಂಗಿ, ಜಿಪ್ಪು ಹೋದ ಚೀಲ ಕೊಟ್ಟು ದಾನ ಎನ್ನುತ್ತೇವೆ. ನಮಗೆ ಮಾಡಿದ್ದನ್ನೇ ನಾವು ಇನ್ನೊಬ್ಬರಿಗೆ ಮಾಡಬೇಕೆ?

ಅವ್ವ ವಿನಯ ಓದಿದವಳಲ್ಲ. ಆದರೆ ಹಳೆಸೀರೆ ಕೌದಿಯಾಗಿ, ಕೌದಿ ಹಾಸಾಗಿ, ಹಾಸು ಒರಸುಬಟ್ಟೆಯಾಗುವುದು ಅವಳಿಗೆ ಗೊತ್ತು. ಹಾಗಾಗಿ ಒಂದು ಒಪ್ಪಂದಕ್ಕೆ ಬಂದೆವು. ಮುಂದಿನ ಕೆಲಸ ಹೇಳಿದರೆ ಆ ವಸ್ತು ಉಳಿಯುತ್ತದೆ. ಇಲ್ಲದಿದ್ದರೆ ಅದಕ್ಕೆ ಹತ್ತು ದಿನ. ಭಿಕ್ಷು ಹೆಚ್ಚುವರಿ ಚೀವರ ಇಟ್ಟುಕೊಳ್ಳಲು ವಿನಯ ಕೊಟ್ಟ ಗಡುವೂ ಅಷ್ಟೇ. ಕೊಡಕ್ಕೆ ಮಣ್ಣು ತುಂಬಿ ತುಳಸಿಯಲ್ಲ, ಕರಿಬೇವು ಹಚ್ಚಿದಳು. ಮಿಕ್ಸರ್ ಗುಜರಿಗೆ ಹೋಯಿತು. ಅಪ್ಪನ ಟಿ.ಸಿ., ಪಹಣಿ, ಜಾತಿ ಪ್ರಮಾಣಪತ್ರದ ಗಂಟು ಮಾತ್ರ ಬೀರುವಿಗೆ ಬಂತು. ಕಾಗದಗಳ ವಿಷಯದಲ್ಲಿ ದಯವಿಟ್ಟು ಅವಸರ ಬೇಡ.

ತೀರ ಒಳಗೆ, ಟವೆಲಿನಲ್ಲಿ ಸುತ್ತಿದ ಚೌಕಟ್ಟುಗಳು. ದೀಕ್ಷೆಯ ದಿನ ಗೋಡೆಯಿಂದ ಇಳಿಸಿದ ದೇವರ ಪಟಗಳು. ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಮೊದಲನೆಯದನ್ನೇ ಬಾಯಿತುಂಬ ಹೇಳಿದವರು ನಾವು. ಆದರೂ ಏನಾದರೂ ಆದೀತೆಂದು ಅಟ್ಟಕ್ಕೇರಿಸಿದ್ದೆವು. ನಾನೂ ಸೇರಿ.

ಅವ್ವ ಟವೆಲು ಬಿಚ್ಚಿ ಝಾಡಿಸಿ, "ಬಟ್ಟಿ ಗಟ್ಟಿ ಅದ" ಎಂದು ಕೌದಿಯ ಗಂಟಿಗೆ ಸೇರಿಸಿದಳು. ಪಟಗಳ ಮುಂದಿನ ಕೆಲಸ ಏನೆಂದು ಇಬ್ಬರೂ ಹೇಳಲಿಲ್ಲ. ಅವು ಪಡಸಾಲೆಯ ಮೂಲೆಯಲ್ಲಿವೆ. ಇವತ್ತಿಗೆ ಏಳು ದಿನ.

ಜೈ ಭೀಮ್.