ಕೆಲಸದ ಜೊತೆಗೊಂದು ಸೂರು



ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ದುಡಿಯಲು ಹೋಗುವ ಕಷ್ಟ ಲೇಪಾಕ್ಷಿ, ಹಿಂದೂಪುರದ ಕಡೆಯ ನಮಗೆ ಹೊಸದಲ್ಲ. ಆದ್ದರಿಂದ 2019ರಲ್ಲಿ ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಸಂತೋಷಪಟ್ಟೆವು. ಆದರೆ ಕೆಲಸ ಬಂದ ಕಡೆ ಬಾಡಿಗೆಯೂ ಏರುತ್ತದೆ. ಸಂಬಳವೆಲ್ಲ ಬಾಡಿಗೆಗೇ ಹೋದರೆ ಮಕ್ಕಳ ತಟ್ಟೆಗೆ ಉಳಿಯುವುದೇನು?

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಎರಡು ರಿಯಾಯಿತಿಗಳಿದ್ದವು. ಹೊಸಬರನ್ನು ಸೇರಿಸಿಕೊಂಡ ಉದ್ಯಮಕ್ಕೆ ಅವರ ಸಂಬಳದ ವೆಚ್ಚದ ಮೇಲೆ ಶೇ 30ರಷ್ಟು ಹೆಚ್ಚುವರಿ ಕಡಿತ, ಮೂರು ವರ್ಷ. ಕಡಿಮೆ ದರದ ಮನೆ ಕಟ್ಟುವವರ ಲಾಭಕ್ಕೆ 2016ರಿಂದ ವಿನಾಯಿತಿ. ಮೊದಲನೆಯದು ಉಳಿಯಿತು, ಎರಡನೆಯದು 2022ರ ಮಾರ್ಚ್ 31ರ ನಂತರ ಮಂಜೂರಾದ ಯೋಜನೆಗಳಿಗೆ ಸಿಗಲಿಲ್ಲ.

ವಿನಾಯಿತಿ ಎಂದರೆ ಬೊಕ್ಕಸಕ್ಕೆ ಬಾರದೆ ಹೋದ ನಮ್ಮೆಲ್ಲರ ಹಣ. ಅದು ಬಿಲ್ಡರ್‌ಗಳ ಜೇಬು ಸೇರೀತೆಂಬ ಅಂಜಿಕೆ ಸುಳ್ಳಲ್ಲ. ಹಾಗಾಗಿ ಉದ್ಯೋಗದ ಕಾಯ್ದೆಯಲ್ಲೇ ಮನೆಯ ರಿಯಾಯಿತಿಯೂ ಇರಲಿ. ಬಾಡಿಗೆಗೆ ಮಿತಿ ಇಟ್ಟು, ಕಾರ್ಮಿಕನ ಕುಟುಂಬ ಒಳಹೊಕ್ಕ ಮೇಲೆಯೇ ಅದು ದಕ್ಕಲಿ.

ದುಡಿಯುವವನ ಬದುಕಿಗೆ ಸಾಲದ ಕೂಲಿ ನ್ಯಾಯವಲ್ಲವೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲೇ ಬರೆದರು. ಸೂರಿಲ್ಲದೆ ಬದುಕೆಲ್ಲಿ? ಮತ ಕೇಳಲು ಬಂದವರನ್ನು ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಇದನ್ನೇ ಕೇಳೋಣ.